ಪಕ್ಕದ ಮನೆಯ ಮಾಜಿ ಶಾಸಕರಿಗೆ ಸನ್ಮಾನ

ವಿಮಾನದ ರೆಕ್ಕೆ ಎಲ್ಲಿ ಬಿರುಕು ಬಿಟ್ಟೀತು ಎಂದು ಮುಂಚಿತವಾಗಿ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಚಿಂತೆ ಮಾಡಿದ್ದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಬಹಳ ಇರಲಾರದು. ತೊಂದರೆಯೇನೆಂದರೆ ಆಫೀಸಿನಿಂದ ಹೊರಟ ಮೇಲೂ ನಾನು ಅದನ್ನು ನಿಲ್ಲಿಸುವುದಿಲ್ಲ. ಬಿಸಿನೀರಿನ ಪೈಪು, ಕಾರಿನ ಬ್ರೇಕು, ಮಂಡ್ಯದಲ್ಲಿರುವ ಅಣ್ಣನ ಬಿ.ಪಿ., ಎಲ್ಲದರ ಮೇಲೂ ನನ್ನ ನಿಗಾ. "ಒಂದು ದಿನ ಚಿಂತೆ ಇಲ್ದೆ ಹೋದ್ರೆ, ಅದು ಎಲ್ಲಿ ಹೋಯ್ತು ಅಂತ ಹುಡುಕ್ತೀರಿ ನೀವು," ಎನ್ನುತ್ತಾಳೆ ಹೆಂಡತಿ.

ಇಷ್ಟು ಅಭ್ಯಾಸವಿದ್ದವನಿಗೂ ಸ್ವಂತ ಮನೆಯ ಬಿರುಕು ತಡವಾಗಿ ಕಂಡಿತು. ಎರಡು ಸಾವಿರದ ಆರನೇ ಇಸವಿಯ ಆಸುಪಾಸು. ಮಗಳಿಗೆ ಬರುವ ಜೂನ್‌ನಲ್ಲಿ ಇಪ್ಪತ್ತೊಂದು ತುಂಬುವುದರಲ್ಲಿತ್ತು.

ನಾನು ಕೆಲಸದ ವೀಸಾದ ಮೇಲೆ ಅಮೆರಿಕಕ್ಕೆ ಬಂದವನು. ಹೆಂಡತಿ, ಮಗಳು ನನ್ನ ಬಾಲ ಹಿಡಿದು ಬಂದವರು. ಅವರ ವೀಸಾ ನನ್ನದರ ನೆರಳು. ಗ್ರೀನ್ ಕಾರ್ಡಿಗೆ ಕಂಪನಿ ಅರ್ಜಿ ಹಾಕಿ ಎಷ್ಟೋ ವರ್ಷವಾಗಿತ್ತು. ಇಂಡಿಯಾದವರ ಸಾಲು ಮಾತ್ರ ರೇಷನ್ ಅಂಗಡಿಯ ಸೀಮೆಎಣ್ಣೆ ಸಾಲಿಗಿಂತ ನಿಧಾನ. ನಮ್ಮ ಸರದಿ ಬರುವ ಮೊದಲೇ ಮಗಳಿಗೆ ಇಪ್ಪತ್ತೊಂದು ತುಂಬಿದರೆ, ಕಾನೂನಿನ ಕಣ್ಣಿಗೆ ಅವಳು ನಮ್ಮ ಮಗುವಲ್ಲ. ಸಾಲಿನಿಂದ ಆಚೆ. ನನ್ನ ನೆರಳಿನ ವೀಸಾವೂ ಅವತ್ತಿಗೇ ಮುಗಿಯುತ್ತದೆ. ಹನ್ನೊಂದನೇ ವಯಸ್ಸಿಗೆ ಬಂದವಳು ಬೇರೆ ಏರ್ಪಾಡು ಆಗದಿದ್ದರೆ ಒಬ್ಬಳೇ ವಾಪಸು ಹೋಗಬೇಕು.

ಆಫೀಸಿನ ಲಾಯರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ತಾಳ್ಮೆ ಇರಲಿ, ಸಾಲು ಮುಂದೆ ಹೋಗಬಹುದು." ಆ 'ಬಹುದು' ಮೇಲೆ ನಾವು ಸಂಸಾರ ಹೂಡಿ ಕೂತಿದ್ದೆವು.

ಇಂಥ ಹೊತ್ತಿಗೆ ನಮಗೆ ಪಕ್ಕದ ಮನೆಯವರ ಪರಿಚಯವಾಗಿದ್ದು. ಬಾತೆಲ್ ಎಂಬ ಊರಿನಲ್ಲಿ ನಮ್ಮದು ಹೊಸ ಸಾಲುಮನೆ. ಅದರ ಪಕ್ಕ, ಬೇಲಿಯಾಚೆ, ಬಡಾವಣೆ ಏಳುವುದಕ್ಕೆ ಮುಂಚಿನಿಂದ ಇದ್ದ ಒಂಟಿ ಮರದ ಮನೆ. ಒಂದು ಶನಿವಾರ ಅಲ್ಲಿಯ ಮುದುಕರು ನಮ್ಮ ಬಾಗಿಲ ಬೆಲ್ ಒತ್ತಿದರು. ಎಂಬತ್ತರ ಹತ್ತಿರದ ವಯಸ್ಸು, ಬಿಗಿ ಟೈ, ಕಾಲಿಗೆ ಮಳೆಯ ಬೂಟು. ಯಾರೋ ಚಿಕ್ಕ ವಯಸ್ಸಿನ ಅಭ್ಯರ್ಥಿಯ ಪರವಾಗಿ ಮನೆಮನೆಗೆ ಹೋಗಿ ಓಟು ಕೇಳುತ್ತಿದ್ದರು.

"ನಮಗೆ ಓಟಿಲ್ಲ," ಎಂದೆ.

"ಹಾಗಾದರೆ ನಿಮ್ಮ ಹತ್ತಿರ ಸುಳ್ಳು ಹೇಳುವ ಅಗತ್ಯವಿಲ್ಲ. ಒಂದು ಲೋಟ ನೀರು ಕೊಡ್ತೀರಾ?"

ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿಗೆ ಬರುವಾಗ ಮಾತ್ರ ಯಾಕೋ ಕನ್ನಡದಲ್ಲೇ ಬರುತ್ತದೆ. ನೀರಿನ ಜೊತೆ ಹೆಂಡತಿ ಕೋಡುಬಳೆ ಕೊಟ್ಟಳು. ಒಂದನ್ನು ಕಡಿದು, ಹಲ್ಲು ನೆಟ್ಟಗಿದೆಯೇ ಎಂದು ನಾಲಗೆಯಿಂದ ತಡವಿ ನೋಡಿ, ಇನ್ನೊಂದು ತೆಗೆದುಕೊಂಡರು. ಹಾಗೆ ಕೂತ ಮಾತಿನಲ್ಲಿ ತಿಳಿಯಿತು: ಮೊದಲು ವಕೀಲರು, ಆಮೇಲೆ ಬಹಳ ಕಾಲ ರಾಜ್ಯದ ಶಾಸಕರು.

ಶಾಸಕರು. ಎಮ್ಮೆಲ್ಲೆ. ನನ್ನ ಎದೆಯಲ್ಲಿ ಏನೋ ಎದ್ದು ನಿಂತಿತು.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನನ್ನ ತಂದೆ ಹೈಸ್ಕೂಲ್ ಮೇಷ್ಟ್ರು. ಒಮ್ಮೆ ಅವರನ್ನು ದೂರದ ಊರಿಗೆ ವರ್ಗ ಮಾಡಿದಾಗ, ಬೆಳಗ್ಗೆ ಎದ್ದು ನನ್ನನ್ನೂ ಕರೆದುಕೊಂಡು ಎಮ್ಮೆಲ್ಲೆ ಮನೆಗೆ ಹೋದರು. ಕೈಯಲ್ಲಿ ಒಂದು ನಿಂಬೆಹಣ್ಣು. ದೊಡ್ಡವರನ್ನು ಬರಿಗೈಲಿ ನೋಡಬಾರದು ಎನ್ನುವುದು ನಮ್ಮ ಕಡೆಯ ರಿವಾಜು. ಎಮ್ಮೆಲ್ಲೆ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ನಿಂಬೆಹಣ್ಣು ಇಸಕೊಂಡು, "ಆ ಡಿಡಿಗೊಂದು ಫೋನ್ ಹಾಕಯ್ಯ" ಎಂದು ಒಳಗೆ ಕೂಗಿದರು. ವರ್ಗಾವಣೆ ನಿಂತಿತು. ಮಿಕ್ಕ ಅರ್ಧ ಗಡ್ಡ ಕೆರೆದು ಮುಗಿಯುವಷ್ಟರಲ್ಲಿ ನಮ್ಮ ಮನೆತನದ ಭವಿಷ್ಯ ಇತ್ಯರ್ಥವಾಗಿತ್ತು. ಪ್ರಜಾಪ್ರಭುತ್ವದ ಬಗ್ಗೆ ನನ್ನ ತಿಳಿವಳಿಕೆ ಅವತ್ತಿಗೆ ಪೂರ್ತಿಯಾಗಿದ್ದು ಆಮೇಲೆ ಬೆಳೆಯಲಿಲ್ಲ.

ಇಲ್ಲಿ ರಾಜ್ಯ ಬೇರೆ, ಕೇಂದ್ರ ಬೇರೆ. ವೀಸಾ ಕೇಂದ್ರದ ವ್ಯವಹಾರ. ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಕೂತ ಶಾಸಕನಿಗೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲೂ ಇವರು ಮಾಜಿ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮರುದಿನ ನಿಂಬೆಹಣ್ಣು ಹಿಡಿದು ಅವರ ಮನೆಗೆ ಹೋದೆ.

"ಓಹ್, ಮೀನಿಗೆ ಚೆನ್ನಾಗಿರುತ್ತೆ," ಎಂದು ತೆಗೆದು ಫ್ರಿಜ್‌ನಲ್ಲಿಟ್ಟರು. ನಾನು ಕಾದೆ. ಅವರು ಹವಾಮಾನ ಮಾತಾಡಿದರು. ಯಾರಿಗೂ ಫೋನ್ ಹಾಕಲಿಲ್ಲ.

ನಿಂಬೆಹಣ್ಣಿಗೆ ಕೆಲಸವಾಗದಿದ್ದರೆ ಮುಂದಿನ ಮೆಟ್ಟಿಲು ಸನ್ಮಾನ. ಯುಗಾದಿಗೆ ನಮ್ಮ ಕನ್ನಡ ಸಂಘದ ಕಾರ್ಯಕ್ರಮ ಬೆಲ್ವ್ಯೂನ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯುವುದಿತ್ತು. ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಸಾರ್, ಅವ್ರು ಕನ್ನಡಕ್ಕೆ ಏನ್ ಮಾಡಿದಾರೆ?"

"ಪಕ್ಕದ ಮನೆ ಕನ್ನಡಿಗರನ್ನ ಸಹಿಸ್ಕೊಂಡಿದಾರೆ."

"ಸಾಕ್ ಬಿಡಿ. ಹೋದ್ ಸಲ ಸನ್ಮಾನ ಮಾಡಿಸ್ಕೊಂಡೋರು ಅಷ್ಟೂ ಮಾಡಿರ್ಲಿಲ್ಲ. ಆದ್ರೆ ಶಾಲು, ಪೇಟ ನಿಮ್ದೇ ಖರ್ಚು."

ಹೆಂಡತಿ ಬೇಡವೆಂದಳು. "ವಯಸ್ಸಾದೋರು ರೀ. ಅವರಿಗೆ ಇದೆಲ್ಲ ನಿಜ ಅನ್ಸುತ್ತೆ."

"ನಿಜಾನೇ ಅಲ್ವಾ?"

"ನಿಮ್ ಮುಖ ನೀವು ನೋಡ್ಕೊಂಡಿಲ್ಲ," ಎಂದಳು.

ಆ ಸಂಜೆ ಅವರಿಗೆ ಮೈಸೂರು ಪೇಟ ಸ್ವಲ್ಪ ಸಣ್ಣದಾಯಿತು. ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ. ಬುಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ, "ನಾನು ಅಧಿಕಾರದಲ್ಲಿದ್ದಾಗ ಒಂದು ಕಪ್ ಕಾಫಿಗಿಂತ ದೊಡ್ಡದು ತಗೊಂಡರೆ ಊರಿಗೆಲ್ಲ ಹೇಳಬೇಕಿತ್ತು. ಈಗ ನಾನು ಯಾರಿಗೂ ಬೇಡವಾದವನು. ಹಾಗಾಗಿ ಅನಾನಸು ನನ್ನದೇ," ಎಂದರು. ಜನ ನಕ್ಕರು. ಎರಡು ಮಾತಾಡಿ ಎಂದು ಮೈಕ್ ಕೊಟ್ಟೆವು. ನಮ್ಮಲ್ಲಿ ಎರಡು ಮಾತು ಎಂದರೆ ಧನ್ಯವಾದ ಹೇಳಿ ಕೂತುಕೊಳ್ಳುವುದು. ಅವರು ಅದನ್ನು ನಂಬಿ ತಮ್ಮ ಜೀವನ ಶುರು ಮಾಡಿಬಿಟ್ಟರು.

ಸಮುದ್ರದಂಚಿನ ಮರದ ಮಿಲ್ಲುಗಳ ಊರು. ಅವರ ತಂದೆ ಸೂರಿಗೆ ಹೊದಿಸುವ ಹಲಗೆ ಸೀಳುವ ಗರಗಸದ ಮುಂದೆ ನಿಲ್ಲುತ್ತಿದ್ದವರು. ಒಂದು ಮಧ್ಯಾಹ್ನ ಬೆರಳುಗಳು ಹೋದವು. ವಾರದೊಳಗೆ ಮಿಲ್ಲಿನ ವಕೀಲರು ಮನೆಗೆ ಬಂದರು. ಬಹಳ ಮರ್ಯಾದಸ್ಥರು, ಸೇಬಿನ ಕಡುಬು ತಂದಿದ್ದರು, ಅಮ್ಮನ ಕಣ್ಣೊರೆಸಿದರು, ತಂದೆಯ ಇನ್ನೊಂದು ಕೈಯಿಂದ ರುಜು ಹಾಕಿಸಿಕೊಂಡು ಹೋದರು. "ಅವರ ಮಾತೊಂದೂ ಸುಳ್ಳಲ್ಲ. ಆದರೆ ಅವರು ನಮ್ಮ ವಕೀಲರಲ್ಲ ಅನ್ನೋದನ್ನ ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಆ ಕಡುಬು ನಾನೂ ತಿಂದೆ. ರುಚಿಯಾಗಿತ್ತು."

ಹಗಲು ಬಂದರಿನಲ್ಲಿ ಮೂಟೆ ಲೆಕ್ಕ ಬರೆಯುತ್ತ, ಸಂಜೆ ಕ್ಲಾಸಿಗೆ ಹೋಗಿ ಕಾನೂನು ಓದಿದರಂತೆ. ಮೊಳೆ, ಸುತ್ತಿಗೆ ಮಾರುವ ಅಂಗಡಿಯ ಮೇಲೊಂದು ಕೋಣೆಯಲ್ಲಿ ಆಫೀಸು. ಉಯಿಲು, ಗಂಡ ಹೆಂಡಿರ ಜಗಳ, ದೋಣಿಯಲ್ಲಿ ಕಾಲು ಮುರಿದುಕೊಂಡ ಮೀನುಗಾರರು. ಫೀಸಿನ ಬದಲು ಮೀನೇ ಬರುತ್ತಿತ್ತು. ಒಂದೇ ಥರದ ಕೇಸು ಮತ್ತೆ ಮತ್ತೆ ಸೋತು, ಕಾನೂನೇ ಹಾಗಿದೆ ಎಂದು ನ್ಯಾಯಾಧೀಶರು ಮತ್ತೆ ಮತ್ತೆ ಹೇಳಿ, ಹಾಗಾದರೆ ಕಾನೂನು ಮಾಡುವ ಜಾಗಕ್ಕೇ ಹೋಗೋಣವೆಂದು ಚುನಾವಣೆಗೆ ನಿಂತರು. ಮೊದಲ ಸಲ ಸೋತರು. ಎರಡನೇ ಸಲ ಪ್ರತಿ ಮನೆಯ ಬಾಗಿಲಿಗೆ ಹೋಗಿ, ನಾಯಿಗಳಿಂದ ಕಚ್ಚಿಸಿಕೊಂಡು, ಗೆದ್ದರು. ಅಲ್ಲಿಂದ ಪ್ರತಿ ಚಳಿಗಾಲ ಒಲಿಂಪಿಯಾದಲ್ಲಿ ಬಾಡಿಗೆ ಕೋಣೆ, ಸದನ. ಉಳಿದ ದಿನ ವಕೀಲಿಕೆ.

"ಕೊನೆಗೆ ರಸ್ತೆ ಅಗಲ ಮಾಡಲು ಪೆಟ್ರೋಲಿನ ಮೇಲೆ ತೆರಿಗೆ ಬೇಕು ಅಂತ ಕೈ ಎತ್ತಿದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಜನ ಅಲ್ಲೇ ಕೂತು ಯೋಚನೆ ಮಾಡಿ ನನ್ನನ್ನು ಮನೆಗೆ ಕಳಿಸಿದರು."

ಪರದೆಯ ಹಿಂದೆ ಕೋಲಾಟದ ಮಕ್ಕಳು ಕೋಲು ಬಡಿಯತೊಡಗಿದ್ದರು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಗುರೂ, ನಿಮ್ ಎಮ್ಮೆಲ್ಲೆ ಇನ್ನೂ ಸಾವಿರದ ಒಂಬೈನೂರ ಎಂಬತ್ತರಲ್ಲೇ ಇದಾರಾ?" ಎಂದರು. ನನಗೆ ಅವರ ಜೀವನ ಬೇಕಿರಲಿಲ್ಲ. ಒಂದು ಫೋನ್ ಬೇಕಿತ್ತು.

ವಾಪಸು ಬರುವಾಗ ಫೋರ್‌ನಾಟ್‌ಫೈವ್ ಹೆದ್ದಾರಿಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಅವರು ಮುಂದಿನ ಸೀಟಿನಲ್ಲಿ, ಪೇಟ ತೆಗೆಯದೆ. ಪಕ್ಕದ ಕಾರಿನವರು ನೋಡುತ್ತಿದ್ದರೆ ಗಂಭೀರವಾಗಿ ತಲೆ ಬಾಗಿಸುತ್ತಿದ್ದರು. ಹಿಂದೆ ಹೆಂಡತಿ, ಮಗಳು.

"ಸರ್, ಒಂದು ವಿಷಯ..." ಎಂದೆ.

"ಗೊತ್ತು. ನನ್ನ ಬೆನ್ನು ತಟ್ಟಿದವರೆಲ್ಲ ಆಮೇಲೆ 'ಒಂದು ವಿಷಯ' ಅಂದಿದ್ದಾರೆ. ಹೇಳಿ."

ಹೇಳಿದೆ. ಇಪ್ಪತ್ತೊಂದು, ಸಾಲು, ಜೂನ್. ಕೊನೆಗೆ ನಾಚಿಕೆ ಬಿಟ್ಟು, "ನಿಮಗೆ ಪರಿಚಯ ಇರುವವರಿಗೆ ಒಂದು ಮಾತು..." ಎಂದೆ.

ಅವರು ಶಾಲಿನ ಅಂಚು ಸರಿಮಾಡಿಕೊಂಡರು. "ನನ್ನ ಕೈಲಿ ಅದು ಯಾವತ್ತೂ ಇರಲಿಲ್ಲ. ಕುರ್ಚಿಯಲ್ಲಿ ಕೂತಾಗಲೂ ಇರಲಿಲ್ಲ. ಅದು ಬೇರೆ ಸರ್ಕಾರ."

"ಗೊತ್ತು ಸರ್."

"ಗೊತ್ತಿದ್ದೂ ನನಗೆ ಇಷ್ಟೆಲ್ಲ ಉಡಿಸಿದ್ರಾ?"

ಹಿಂದಿನಿಂದ ಹೆಂಡತಿ ಮೆಲ್ಲಗೆ, "ಅದಕ್ಕೇ ಬೇಡ ಅಂದಿದ್ದು," ಎಂದಳು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ನನಗೆ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅಳಬೇಕೆನಿಸಿತು. ಮುಂದಿನ ಕಾರು ಒಂದು ಗಜ ಸರಿಯಿತು, ನಾನೂ ಸರಿಸಿದೆ.

ಮನೆ ಮುಂದೆ ಕಾರು ನಿಂತಾಗ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು ಅವರೆಂದರು: "ಶಾಸಕನಿಂದ ನಿಮಗೆ ಉಪಯೋಗವಿಲ್ಲ. ಆದರೆ ಅದಕ್ಕೆ ಮುಂಚೆ ನಾನು ವಕೀಲನಾಗಿದ್ದೆ. ನಾಳೆ ಕಾಗದಪತ್ರ ತಗೊಂಡು ಬನ್ನಿ. ಮಗಳನ್ನೂ ಕರಕೊಂಡು ಬನ್ನಿ. ಓದೋದರಲ್ಲಿ ಯಾರೂ ನನ್ನನ್ನ ಸೋಲಿಸಿಲ್ಲ."

ಮರುದಿನ ಅವರ ಅಡಿಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು. ಭೂತಗನ್ನಡಿ ಹಿಡಿದು ಒಂದೊಂದೇ ಹಾಳೆ ಓದಿದರು. ಕಾಫಿ ಆರಿತು.

"ಇದನ್ನ ಯಾರು ನೋಡ್ಕೊಳ್ತಿದಾರೆ?"

"ನಮ್ಮ ಲಾಯರು."

"ನಿಮ್ಮ ಲಾಯರು?"

"ಅಂದರೆ, ಕಂಪನಿ ಲಾಯರು."

ಭೂತಗನ್ನಡಿ ಕೆಳಗಿಟ್ಟರು. ನಿನ್ನೆ ವೇದಿಕೆ ಮೇಲೆ ಹೇಳಿದ ಕಡುಬಿನ ಕಥೆ ನನಗೆ ಈಗ ಅರ್ಥವಾಯಿತು. ಕೋಲಾಟದ ಸದ್ದಿನಲ್ಲಿ ಮನಸ್ಸಿಟ್ಟು ಕೇಳಿಸಿಕೊಂಡಿರಲಿಲ್ಲ. "ಅವರು ಒಳ್ಳೆಯವರೇ ಇರಬೇಕು," ಎಂದರು. "ಕಂಪನಿಗೆ ನೀವು ಬೇಕು. ನಿಮ್ಮ ಮಗಳು ಸಾಲಿನಲ್ಲಿ ಇದ್ದರೂ ಇಲ್ಲದಿದ್ದರೂ ಕಂಪನಿಗೆ ಒಂದೇ. ಕಾಯಿರಿ ಅನ್ನೋದು ಕಂಪನಿಗೆ ಸರಿಯಾದ ಸಲಹೆ."

ದಾರಿ ಒಂದೇ ಇತ್ತು. ಜೂನ್‌ಗೆ ಮೊದಲು ಅವಳು ತನ್ನ ಹೆಸರಿನಲ್ಲೇ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬೇಕು. ಅದು ನಮಗೂ ಗೊತ್ತಿದ್ದ ದಾರಿಯೇ. ಆದರೆ ಆ ವೀಸಾ ಕೇಳುವವರು ಓದು ಮುಗಿದ ಮೇಲೆ ಸ್ವದೇಶಕ್ಕೆ ಹೋಗುತ್ತೇನೆ ಎನ್ನಬೇಕು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹಾಗೆ ಬರೆದುಕೊಟ್ಟರೆ ಎಲ್ಲವೂ ಕೆಡುತ್ತದೆ ಎಂದು ಮನೆಗೊಂದು ಅಡಿಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಎಲ್ಲರೂ ಹೇಳಿದ್ದರು. ಯಾರಿಗೂ ಏನೂ ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಖಚಿತವಾಗಿ ಹೇಳಿದ್ದರು.

"ಅವಳನ್ನ ಸಾಲಿಂದ ಆಚೆ ಹಾಕಿ ಅಂತ ನಾವೇ ಬರ್ಕೊಡೋದಾ?" ಹೆಂಡತಿ ನನ್ನನ್ನು ಕೇಳಿದಳು, ಕನ್ನಡದಲ್ಲಿ. ಮುದುಕರು ಏನೆಂದಳು ಎಂದು ಕೇಳಿದರು. ಮಗಳು ಅನುವಾದಿಸಿ ಹೇಳಿದಳು.

"ಆಸೆ ಇಟ್ಟುಕೊಳ್ಳಿ, ಅರ್ಜಿಯನ್ನೂ ಹಾಕಿ. ಜೂನ್ ಒಳಗೆ ಸಾಲು ಓಡಿದರೆ ಒಳ್ಳೆಯದು. ಅರ್ಜಿ ಹಾಕದೆ ಜೂನ್ ದಾಟಿದರೆ, ಆಮೇಲೆ ಯಾರು ಫೋನ್ ಮಾಡಿದರೂ ಆಗೋದಿಲ್ಲ," ಎಂದು ಮಗಳ ಕಡೆ ತಿರುಗಿದರು. ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ ಕುರ್ಚಿ ಸರಿಸಿ ಕೂತರು. "ವೀಸಾದವರು ನಿನ್ನನ್ನ ಕೇಳ್ತಾರೆ. ಬಾಯಿಪಾಠ ಬೇಡ. ನಿಜ ಹೇಳು. ನಿನ್ನ ಮನೆ ಎಲ್ಲಿ?"

ಅವಳು ಕಿಟಕಿ ನೋಡಿದಳು. ಬೇಲಿಯಾಚೆ ನಮ್ಮ ಮನೆಯ ಬಾಲ್ಕನಿ, ಒಣಹಾಕಿದ ಅವಳದೇ ದುಪಟ್ಟಾ ಕಾಣುತ್ತಿತ್ತು.

"ಸರಿ. ಓದು ಮುಗಿದ ಮೇಲೆ ಹೋಗು ಅಂದರೆ ಹೋಗ್ತೀಯಾ?"

"ಹೋಗ್ತೀನಿ. ಮೈಸೂರಲ್ಲಿ ಅತ್ತೆ ಇದಾರೆ. ಅವರ ಹತ್ತಿರ ಮಾತಾಡಿದೀನಿ. ಎಮ್ಮೆಸ್ಸಿಗೆ ಅಲ್ಲಿ ಯಾವ ಕಾಲೇಜು, ಎಲ್ಲಾ ವಿಚಾರಿಸಿದೀನಿ. ಮಹಡಿ ರೂಮ್ ನಂಗೇ ಅಂತೆ."

ಅತ್ತೆ ಎಂದರೆ ನನ್ನ ತಂಗಿ. ಅವಳೂ ನನಗೊಂದು ಮಾತು ಹೇಳಿರಲಿಲ್ಲ. "ಯಾವಾಗ ಮಾತಾಡಿದೆ? ನಮಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ ನೀನು ನಿದ್ದೆ ಬಿಡ್ತಿದ್ದೆ, ಅಮ್ಮ ಊಟ ಬಿಡ್ತಿದ್ಲು. ನಂಗೆ ಎಕ್ಸಾಮ್ ಇತ್ತಪ್ಪ. ಇಬ್ರನ್ನೂ ಮ್ಯಾನೇಜ್ ಮಾಡೋಕೆ ಆಗ್ತಿರ್ಲಿಲ್ಲ."

ರೆಕ್ಕೆಯ ಬಿರುಕು ಲೆಕ್ಕ ಹಾಕುವವನ ಮಗಳು. ನಾನು ಎಮ್ಮೆಲ್ಲೆಗೆ ಪೇಟ ಹುಡುಕುತ್ತಿದ್ದ ತಿಂಗಳಲ್ಲಿ ಅವಳು ಒಬ್ಬಳೇ ಕೂತು, ಮುರಿದರೆ ಎಲ್ಲಿ ಇಳಿಯಬೇಕು ಎಂದು ಜಾಗ ನೋಡಿಟ್ಟುಕೊಂಡಿದ್ದಳು.

ಮುದುಕರು ಎದ್ದು ಗೋಡೆಯ ಫೋನ್ ತೆಗೆದರು. ಹಿಂದೆ ಅವರ ಆಫೀಸಿನಲ್ಲಿ ಕಿರಿಯ ವಕೀಲೆಯಾಗಿದ್ದವರು ಈಗ ಫ್ರೀಮಾಂಟ್‌ನಲ್ಲಿ ವಲಸೆ ಕೇಸುಗಳನ್ನೇ ನೋಡುತ್ತಾರಂತೆ. ಕೊನೆಗೂ ಒಂದು ಫೋನ್. ನಾನು ಕಿವಿ ನಿಮಿರಿಸಿದೆ. "ನನ್ನ ಪಕ್ಕದ ಮನೆ ಹುಡುಗಿ. ಇಲ್ಲ, ನನಗೋಸ್ಕರ ಏನೂ ಮಾಡಬೇಡ. ಬಿಡುವಿದ್ದಾಗ ಭೇಟಿಗೆ ಸಮಯ ಕೊಡು," ಎಂದು ಇಟ್ಟುಬಿಟ್ಟರು. ಇಷ್ಟೇ ಅವರ ವಶೀಲಿ.

ಅರ್ಜಿ ಹೋಯಿತು. ಹಿಂದಿರುಗುವ ಇರಾದೆಯ ಬಗ್ಗೆ ಅವಳೇ ಕೂತು ಬರೆದಳು. ನಮಗೆ ಓದಲು ಕೊಡಲಿಲ್ಲ. ಆಮೇಲಿನ ವಾರಗಳಲ್ಲಿ ನನ್ನ ಸ್ಥಿತಿ ಹೇಳುವ ಹಾಗಿಲ್ಲ. ಅಂಚೆಯವನ ಗಾಡಿ ತಿರುವಿನಲ್ಲಿ ಕಂಡರೆ ಚಪ್ಪಲಿ ಮೆಟ್ಟದೆ ಓಡುತ್ತಿದ್ದೆ. ಕಾಣದಿದ್ದರೆ ತಿರುವಿನವರೆಗೂ ನಡೆದು ಹೋಗಿ ನೋಡುತ್ತಿದ್ದೆ. ತಿರಸ್ಕಾರ ಬಂದರೆ ಅವಳು ಹೊರಡಬೇಕು. ಅವಳ ಜೊತೆ ಹೆಂಡತಿ ಹೋಗುವುದೇ, ನಾನೇ ಕೆಲಸ ಬಿಟ್ಟು ಎಲ್ಲರೂ ಹೋಗುವುದೇ ಎಂದು ಇಬ್ಬರೂ ಒಗ್ಗರಣೆ ಸದ್ದಿನಲ್ಲಿ ಪಿಸುಗುಟ್ಟುತ್ತಿದ್ದೆವು. "ಕೇಳಿಸ್ತಿದೆ," ಎಂದು ಅವಳ ಕೋಣೆಯಿಂದ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು.

ಸಾಲು ಓಡಲಿಲ್ಲ. ಜೂನ್ ಬಂತು. ಹುಟ್ಟುಹಬ್ಬಕ್ಕೆ ಒಬ್ಬಟ್ಟು ಮಾಡಿದ್ದಳು ಹೆಂಡತಿ. ಊಟಕ್ಕೆ ಪಕ್ಕದ ಮನೆಯವರನ್ನೂ ಕರೆದಿದ್ದೆವು. ಅರ್ಜಿ ಬಾಕಿ ಇರುವುದರಿಂದ ಉತ್ತರ ಬರುವವರೆಗೆ ಮಗಳು ಇಲ್ಲಿ ಉಸಿರಾಡಬಹುದು, ಅಷ್ಟೇ. ಒಬ್ಬಟ್ಟಿಗೆ ತುಪ್ಪ ಹಾಕುತ್ತ ನಾನು ತಡೆಯಲಾಗದೆ ಕೇಳಿದೆ: "ಸರ್, ಇಪ್ಪತ್ತೊಂದೇ ಯಾಕೆ? ಇಪ್ಪತ್ತೆರಡು ಯಾಕಲ್ಲ? ನಿನ್ನೆವರೆಗೂ ಮಗಳಾಗಿದ್ದವಳು ಇವತ್ತು ಯಾಕಲ್ಲ?"

ಅವರು ಬಾಯಲ್ಲಿದ್ದುದನ್ನು ನುಂಗಿದರು. "ಅದನ್ನ ಮಾಡಿದವರು ನಾನಲ್ಲ. ಆದರೆ ಅಂಥವು ಹೇಗೆ ಆಗ್ತವೆ ಅಂತ ಗೊತ್ತು. ಮಿಲ್ಲಿನಲ್ಲಿ ಸತ್ತವರ ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಪರಿಹಾರ ಅಂತ ಒಂದು ಮಸೂದೆ ಬಂತು. ವಯಸ್ಸಿನ ಜಾಗ ಖಾಲಿ ಇತ್ತು. ಒಬ್ಬ ಹದಿನೆಂಟು ಅಂದ, ಒಬ್ಬ ಇಪ್ಪತ್ತೊಂದು. ಮಧ್ಯಾಹ್ನ ಆಗಿತ್ತು, ಯಾರದೂ ಊಟ ಆಗಿರಲಿಲ್ಲ. ದೂರದೂರಿನವರಿಗೆ ಮನೆ ಸೇರುವ ಆತುರ. ನಾನೇ ಹತ್ತೊಂಬತ್ತು ಅಂದೆ. ಎಲ್ಲರೂ ಸರಿ ಅಂದರು."

"ಅಷ್ಟೇನಾ?"

"ಅಷ್ಟೇ. ಆ ಖಾಲಿ ಜಾಗದ ಎದುರು ಯಾವ ಮಗುವೂ ನಿಂತಿರಲಿಲ್ಲ. ಆಮೇಲೆ ನನ್ನ ವಕೀಲಿ ಆಫೀಸಿಗೇ ಒಬ್ಬ ತಾಯಿ ಬಂದಳು. ಮಗ ಓದಿನ ಅರ್ಧದಲ್ಲಿದ್ದ, ಹತ್ತೊಂಬತ್ತು ಆಯ್ತು, ದುಡ್ಡು ನಿಂತಿತ್ತು. ನಾನು ಅವಳ ಪರವಾಗಿ ವಾದ ಮಾಡಿದೆ. ಕಾನೂನು ಸ್ಪಷ್ಟವಾಗಿದೆ ಅಂತ ನ್ಯಾಯಾಧೀಶರು ವಜಾ ಮಾಡಿದರು. ಸ್ಪಷ್ಟವಾಗೇ ಇತ್ತು. ಬರೆದಿದ್ದು ನಾನೇ."

ಮಗಳು ಅವರ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ನನಗೆ ಸಮಾಧಾನವೇನೂ ಆಗಲಿಲ್ಲ. ಅಲ್ಲಿಯವರೆಗೆ ನಮ್ಮ ಮನೆ ಒಡೆದದ್ದು ಏನೋ ದೊಡ್ಡ ವಿಚಾರಕ್ಕೆ, ದೇಶದ ಹಿತಕ್ಕೆ ಎಂದಾದರೂ ಅಂದುಕೊಂಡಿದ್ದೆ. ಎಲ್ಲೋ ಒಂದು ಕೋಣೆಯಲ್ಲಿ ಹಸಿದವರು ಕೂಗಿದ ಅಂಕಿಗೂ ಇರಬಹುದು ಎಂದಾದಾಗ ಬಯ್ಯಲೂ ಯಾರೂ ಉಳಿಯಲಿಲ್ಲ.

ಎಲೆ ಉದುರುವ ಹೊತ್ತಿಗೆ ಮಂಜೂರಾತಿ ಬಂತು. ಅವಳೊಬ್ಬಳದೇ ಹೆಸರು. ಹೆಂಡತಿ ದೇವರ ಮುಂದಿಟ್ಟು, ದೀಪ ಹಚ್ಚಿ, ಅಲ್ಲೇ ಕೂತು ಅತ್ತಳು. ಮಗಳು ಉಳಿದಿದ್ದಳು, ನಮ್ಮ ಜೊತೆಯಲ್ಲ, ನಮ್ಮ ಪಕ್ಕದಲ್ಲಿ. ಮುಂದೊಂದು ದಿನ ನಮ್ಮ ಸರದಿ ಬಂತು. ಕಾರ್ಡ್ ಎರಡು ಬಂದವು. ನಾನು ಲಕೋಟೆ ಹಾಗೇ ಇಟ್ಟಿದ್ದೆ, ಮಗಳೇ ಒಡೆದು ನೋಡಿ, "ಅಪ್ಪ, ಫೋಟೋದಲ್ಲಿ ಯಾಕೆ ಮನೆಗಳ್ಳನ ಥರ ಇದೀಯ?" ಎಂದಳು. ನಕ್ಕೆವು. ನಕ್ಕಿದ್ದು ಸುಳ್ಳಲ್ಲ.

ಓದು ಮುಗಿಯಿತು. ಓದಿನ ಮೇಲೆ ಸಿಗುವ ಒಂದು ವರ್ಷದ ಕೆಲಸವೂ ಮುಗಿಯಿತು. ಕೆಲಸದ ವೀಸಾದ ಲಾಟರಿಯಲ್ಲಿ ಅವಳ ಹೆಸರು ಏಳಲಿಲ್ಲ. ಮೈಸೂರಿನ ಮಹಡಿ ರೂಮಿಗೆ ಹೋಗುತ್ತಾಳೆ ಎಂದು ನಾವು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವಾಗ, ಅವಳು ವ್ಯಾಂಕೂವರಿನಲ್ಲಿ ಕೆಲಸ ಹುಡುಕಿಕೊಂಡಿದ್ದಳು. ಕೆನಡಾದ ಕಾಗದಗಳನ್ನೂ ಬೇಲಿಯಾಚೆಯವರೇ ಭೂತಗನ್ನಡಿ ಹಿಡಿದು ಓದಿಕೊಟ್ಟಿದ್ದರಂತೆ.

ಒಂದು ಭಾನುವಾರ ಕಾರಿನ ತುಂಬ ಅವಳ ಸಾಮಾನು ತುಂಬಿಕೊಂಡು ಬಿಟ್ಟುಬರಲು ಹೋದೆವು. ಗಡಿಯಲ್ಲಿ ಕೆನಡಾದ ಅಧಿಕಾರಿ ಅವಳ ಪಾಸ್‌ಪೋರ್ಟು ನೋಡಿ, ನಮ್ಮಿಬ್ಬರ ಕಡೆ ಬೆರಳು ಮಾಡಿ, "ಇವರು ಯಾರು?" ಎಂದ.

"ಅಪ್ಪ, ಅಮ್ಮ. ನನ್ನನ್ನ ಡ್ರಾಪ್ ಮಾಡೋಕೆ ಬಂದಿದಾರೆ," ಎಂದಳು. ಅವನು ಸರಿ ಎಂದು ಬಿಟ್ಟ.

ಅವಳ ಕೋಣೆಗೆ ಪರದೆ ಕಟ್ಟಿ, ಗ್ಯಾಸ್ ವಾಸನೆ ಬರುತ್ತದೆಯೇ ಎಂದು ನಾನು ಮೂಸಿ, ಹೆಂಡತಿ ಸಾರಿನಪುಡಿ ಡಬ್ಬಿಗೆ ತುಂಬಿಸಿ, ಮಧ್ಯಾಹ್ನಕ್ಕೆ ಹೊರಟೆವು. ವಾಪಸು ದಾರಿಯಲ್ಲಿ ಗಡಿಯ ಸಾಲು ಉದ್ದ ಇತ್ತು. ಅಮೆರಿಕದ ಅಧಿಕಾರಿ ನಮ್ಮ ಕಾರ್ಡುಗಳನ್ನು ತೆಗೆದುಕೊಂಡು, ಕಾರಿನಲ್ಲಿ ಎಷ್ಟು ಜನ ಎಂದು ಕೇಳಿದ.

ಹಿಂದಿನ ಸೀಟನ್ನೊಮ್ಮೆ ತಿರುಗಿ ನೋಡಿ, ಇಬ್ಬರು ಎಂದೆ.